ಕಿಟಕಿ ಬಿಟ್ಟುಕೊಟ್ಟವಳು

ಅಂಗಡಿಯಿಂದ ಬಂದ ಅಂಗಿಗಳಿಗೆ ಕಾಜ ಹೊಲಿದು ಗುಂಡಿ ಹಾಕುವುದು ಅವಳ ಕೆಲಸ. ಬೀದಿಯವರಿಗೆಲ್ಲ ಅವಳು ಗುಂಡಿಯಕ್ಕ. ಮನೆಗೆ ಬೆಳಕು ಬರುವ ಕಿಟಕಿ ಒಂದೇ. ಕಣ್ಣು ಮಂಜಾದ ಮೇಲೆ ಅವಳ ಕುರ್ಚಿ ಅಲ್ಲಿಂದ ಕದಲಿದ್ದಿಲ್ಲ. ಉಳಿದದ್ದೆಲ್ಲ ಮಬ್ಬು. ಆ ಮಬ್ಬಿನ ಮೂಲೆಯಲ್ಲಿ, ಹಳೆಯ ಬಕೆಟ್ಟಿನಲ್ಲಿ, ಒಂದು ದಪ್ಪ ಮೆಣಸಿನಕಾಯಿ ಗಿಡ.

ಅದು ಗಂಡ ವರ್ಷವರ್ಷವೂ ತಾನೇ ಬೀಜ ಎತ್ತಿಟ್ಟು ಉಳಿಸಿಕೊಂಡು ಬಂದ ತಳಿ. ಕಾಯಿ ಗಿಡ್ಡ, ಮಾಗಿದರೆ ಹಳದಿ. ಅವನು ಹೋದ ಮೇಲೆ ಡಬ್ಬಿಯಲ್ಲಿದ್ದ ಬೀಜವನ್ನೆಲ್ಲ ಬಿತ್ತಿದಳು. ಮೊಳೆತದ್ದು ಇದೊಂದೇ. ಇದು ಕಾಯಿ ಹಿಡಿಯದಿದ್ದರೆ ಆ ತಳಿ ಅಲ್ಲಿಗೆ ಮುಗಿಯಿತು.

ಗಿಡ ಹೂ ಬಿಟ್ಟಿತು. ಬಿಟ್ಟ ಹೂವೆಲ್ಲ ತೊಟ್ಟು ಸಮೇತ ಉದುರಿತು. ಬೀದಿ ತುದಿಯ ನರ್ಸರಿಯವನನ್ನು ಕೇಳಿದಳು.

"ಹೂವಿಗೆ ಸಕ್ಕರೆ ಸಾಲ್ತಿಲ್ಲ ಅಕ್ಕ," ಎಂದ ಅವನು, ಸಸಿಗಳಿಂದ ತಲೆ ಎತ್ತದೆ.

ಅವಳು ಮನೆಗೆ ಬಂದು ಲೋಟದಲ್ಲಿ ಸಕ್ಕರೆ ಕದಡಿ ಬುಡಕ್ಕೆ ಸುರಿದಳು. ಹೂ ನಿಲ್ಲಲಿಲ್ಲ, ಇರುವೆ ಬಂದವು.

"ಗಿಡಕ್ಕೆ ಶರಬತ್ತು ಕುಡಿಸಿದ್ರಾ!" ನರ್ಸರಿಯವನು ಬಿದ್ದುಬಿದ್ದು ನಕ್ಕ. "ಬೀಗರಿಗೂ ಇಷ್ಟು ಉಪಚಾರ ಇಲ್ಲ ಬಿಡಿ!" ಅವಳ ಮುಖ ನೋಡಿ ದನಿ ತಗ್ಗಿಸಿದ. "ಸಕ್ಕರೆ ಎಲೆಯಲ್ಲೇ ತಯಾರಾಗ್ಬೇಕು ಅಕ್ಕ, ಬೆಳಕಲ್ಲಿ. ಬೆಳಕಿಲ್ಲ ಅಂದ್ರೆ ಒಲೆ ಹಚ್ಚದ ಮನೆ ಇದ್ದಂಗೆ. ಹಸಿದ ಹೂವನ್ನ ಗಿಡ ತಾನೇ ಕೈಬಿಡುತ್ತೆ. ಎಲ್ಲಿಟ್ಟಿದೀರಾ ಅದನ್ನ?"

ಅವಳು ಮನೆಯತ್ತ ತಿರುಗಿದಳು.

ಮರುದಿನ ಕುರ್ಚಿ ಮೂಲೆಗೆ ಹೋಯಿತು, ಬಕೆಟ್ಟು ಕಿಟಕಿಗೆ ಬಂತು. ಬಲ್ಬಿನಡಿ ಸೂಜಿಯ ಕಣ್ಣು ಕಾಣದೆ, ದಾರ ಪೋಣಿಸಿಕೊಳ್ಳಲು ಅವಳು ಕೆಳಮನೆಯಾಕೆಯ ಬಾಗಿಲು ತಟ್ಟತೊಡಗಿದಳು.

"ಒಟ್ಟಿಗೇ ನಾಲ್ಕು ಸೂಜಿ ತರಬಾರ್ದಾ ತಾಯಿ? ಒಂದೊಂದಕ್ಕೂ ಮೆಟ್ಟಿಲು ಇಳೀತೀರಲ್ಲ!"

"ಕಾಲಿಗೆ ಒಳ್ಳೇದಮ್ಮ," ಎಂದಳು. ಆಮೇಲೆ ನಾಲ್ಕನ್ನೂ ಒಟ್ಟಿಗೇ ಒಯ್ದಳು. ಸೂಜಿಗೊಮ್ಮೆ ಸಿಗುತ್ತಿದ್ದ ಮಾತು ಈಗ ದಿನಕ್ಕೊಮ್ಮೆಗೇ ಮುಗಿಯುತ್ತಿತ್ತು.

ಕೊನೆಗೊಂದು ಹೂವಿನ ದಳ ಒಣಗಿ ಕಳಚಿತು, ತೊಟ್ಟು ಕಳಚಲಿಲ್ಲ. ಕಡಲೆಕಾಳಿನಷ್ಟು ಹಸಿರು ಉಳಿಯಿತು. ಆದರೆ ಅದು ಉಬ್ಬಿದಂತೆಲ್ಲ ಹೊಸ ಹೂಗಳು ಮತ್ತೆ ಉದುರತೊಡಗಿದವು.

"ಬೆಳೆಯೋ ಕಾಯಿ ಸಕ್ಕರೆಯನ್ನೆಲ್ಲ ತಾನೇ ಎಳ್ಕೊಳ್ತಿದೆ. ಎಳೇದಿದ್ದಾಗಲೇ ಕಿತ್ಬಿಡಿ, ಉಳಿದವು ನಿಲ್ತವೆ," ಎಂದ ನರ್ಸರಿಯವನು.

"ನಿಂತೇ ನಿಲ್ತವಾ?"

"ಗಿಡದ ಪರವಾಗಿ ನಾನು ಹೆಂಗೆ ಮಾತು ಕೊಡ್ಲಿ?"

"ಬೀಜಕ್ಕೆ ಇದು ಹಣ್ಣಾಗ್ಬೇಕು."

"ಹಾಗಾದ್ರೆ ಉಳಿದ ಹೂವಿನ ಆಸೆ ಬಿಡಿ ಅಕ್ಕ."

ಅವಳು ಬಿಟ್ಟಳು. ಬಿಳಿ ಹೂಗಳು ಕಿಟಕಿಯ ಕಟ್ಟೆಯ ಮೇಲೆ ಬೀಳುತ್ತಲೇ ಹೋದವು. ಕಾಯಿಯ ಹೆಗಲಿಗೆ ಹಳದಿ ಇಳಿದ ಬೆಳಿಗ್ಗೆ, ಯಾರಿಗಾದರೂ ತೋರಿಸೋಣವೆಂದು ಬಾಗಿಲ ತನಕ ಹೋದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹಿಂದಿರುಗಿ ಬಂದು, ಬಕೆಟ್ಟನ್ನು ಮೆಲ್ಲಗೆ ತಿರುಗಿಸಿ, ಕಾಯಿಯ ಇನ್ನೂ ಹಸಿರಾಗಿದ್ದ ಮಗ್ಗುಲನ್ನು ಬಿಸಿಲಿಗೆ ಒಡ್ಡಿದಳು.