ಮಗ್ಗದ ಪಕ್ಕ ಸಂತೂರ್

ತಂತಿ ಹರಿಯಬಹುದಿತ್ತು. ಹರಿದದ್ದು ನೇರ ನನ್ನ ಕಣ್ಣಿಗೇ ಬಡಿಯಬಹುದಿತ್ತು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಸಂತೂರ್ ಪೆಟ್ಟಿಗೆಯ ಮೇಲೆ ಕೂತುಬಿಡಬಹುದಿತ್ತು. ಅದು ಇರುವುದೇ ಬೆಂಚಿನ ಹಾಗೆ, ತಪ್ಪು ಅವರದಲ್ಲ. ಬಿಸಿಲಿಗೆ ಮರ ಬಿರುಕು ಬಿಡಬಹುದಿತ್ತು. ಶ್ರುತಿ ತೋರಿಸುವ ಆ್ಯಪ್ ಇರುವ ಮೊಬೈಲಿನ ಚಾರ್ಜು ಮುಗಿಯಬಹುದಿತ್ತು, ಇಲ್ಲವೇ ಷಡ್ಜ ಕೂಡುವ ಹೊತ್ತಿಗೆ ಸರಿಯಾಗಿ ಹೆಡ್‌ಮೇಷ್ಟ್ರು ಫೋನ್ ಮಾಡಬಹುದಿತ್ತು. ಅಕ್ಕನ ಬೀದಿಯವರೆಲ್ಲ ಬಂದು ಕೂರಬಹುದಿತ್ತು. ಒಬ್ಬರೂ ಬರದೇ ಇರಬಹುದಿತ್ತು. ನಾಲ್ಕು ಪೆಟ್ಟು ಕೇಳಿದ ಕೂಡಲೇ ಭಾವ ಎದ್ದು ಒಳಗೆ ಹೋಗಿ ಮಲಗಬಹುದಿತ್ತು. ಇದಿಷ್ಟನ್ನೂ ಹೊರಡುವ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ದಿನಸಿ ಚೀಟಿ ಇರಬೇಕೆಂದು ಕೈಗೆತ್ತಿಕೊಂಡ ಹೆಂಡತಿ ಪೂರ್ತಿ ಓದಿ, "ಹುಣಸೆಹಣ್ಣು ಬಿಟ್ಟೋಗೈತೆ" ಎಂದು ವಾಪಸ್ ಕೊಟ್ಟಳು.

ನಲವತ್ತೆಂಟನೇ ವಯಸ್ಸಿನಲ್ಲಿ ಸಂತೂರ್ ಕಲಿಯಲು ಹೊರಟ ವಿಜ್ಞಾನದ ಮೇಷ್ಟ್ರು ನಾನು. ಗುರುಗಳು ಮೊಬೈಲಿನ ಪರದೆಯೊಳಗಿದ್ದಾರೆ. ಅದೇ ಕ್ಷೇಮ, ಎದುರಿಗಿದ್ದಿದ್ದರೆ ಎರಡು ಬಿಡುತ್ತಿದ್ದರು. ಅಗಲವಾದ ಮರದ ಪೆಟ್ಟಿಗೆ, ಮೇಲೆ ನೂರು ತಂತಿ, ನಾಲ್ಕು ನಾಲ್ಕು ತಂತಿ ಸೇರಿ ಒಂದು ಸ್ವರ, ಬಾರಿಸಲು ಎರಡು ಪುಟ್ಟ ಕೋಲು. ಬಾರಿಸುವುದು ಹತ್ತು ನಿಮಿಷ, ಶ್ರುತಿ ಮಾಡುವುದು ಎರಡು ಗಂಟೆ. ಒಂದು ಸ್ವರದ ನಾಲ್ಕು ತಂತಿಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸಾಕು, ಅಣ್ಣತಮ್ಮಂದಿರು ಆಸ್ತಿ ಭಾಗಕ್ಕೆ ಕೂತ ಹಾಗೆ ಕೇಳಿಸುತ್ತದೆ.

ಈ ವಾದ್ಯ ಹೊತ್ತು ಹೊರಡುವ ಧೈರ್ಯ ನನ್ನದಲ್ಲ, ಅಕ್ಕನದು. ಮೊಳಕಾಲ್ಮೂರಿನಲ್ಲಿ ಭಾವ ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವರು. ಎಳೆ ಕಾಣದಷ್ಟು ಕಣ್ಣು ಮಂಜಾದ ಮೇಲೆ ಮಗ್ಗ ನಿಲ್ಲಿಸಿದ್ದರು.

"ಮೂರು ತಿಂಗ್ಳಾತು ಕಣೋ," ಎಂದಳು ಅಕ್ಕ ಫೋನಿನಲ್ಲಿ. "ಒಂದು ಕೆಲ್ಸ ಕೈಯಾಗೆ ಮುಟ್ಟಿಲ್ಲ, ಒಂದು ಮಾತಿಲ್ಲ. ಲೋಟ ಎತ್ತಿಡ್ರಿ ಅಂದ್ರೂ ಕೈ ನೋಡ್ಕೊಂಡು ಕೂತಿರ್ತಾರೆ. ಆ ನಿನ್ನ ತಂತಿ ಪೆಟ್ಗೆ ತಗೊಂಡು ಬಾ."

"ನಾ ಬಾರಿಸಿದ್ರೆ ಇನ್ನೂ ಬೇಜಾರಾಗ್ತಾರೆ ಕಣಕ್ಕ."

"ಆಗ್ಲಿ ಬಿಡು. ಬೈಯಾಕಾದ್ರೂ ಬಾಯಿ ಬಿಡ್ತಾರೆ."

ಹೋದಾಗ ಭಾವ ಮಗ್ಗದ ಪಕ್ಕದಲ್ಲೇ ಕೂತಿದ್ದರು, ಮಂಡಿಯ ಮೇಲೆ ಎರಡೂ ಕೈ. ಜಾಗ ಇದ್ದದ್ದು ಅಲ್ಲೇ, ಹಾಗಾಗಿ ಪೆಟ್ಟಿಗೆಯನ್ನು ಅವರ ಎದುರಿಗೇ ಬಿಚ್ಚಿ, ತಂತಿ ಬಿಗಿಸುವ ಕೀಲಿ ಹಿಡಿದು ಒಂದೊಂದೇ ಗೂಟ ತಿರುಗಿಸತೊಡಗಿದೆ. ಟಿಣ್. ಟಿಣ್. ಸ್ವಲ್ಪ ತಿರುವು, ಮೊಬೈಲು ನೋಡು, ಬೆವರು ಒರೆಸಿಕೋ. ಮತ್ತೆ ಟಿಣ್. ಅರ್ಧ ಗಂಟೆಯಾದ ಮೇಲೆ ಭಾವ ಗಂಟಲು ಸರಿಮಾಡಿಕೊಂಡರು.

"ಏನಯ್ಯಾ, ಎಷ್ಟು ಎಳೆ ಇವು?"

"ಎಳೆ ಅಲ್ರೀ ಭಾವ, ತಂತಿ. ನೂರು."

"ನೂರಕ್ಕೆ ಇಷ್ಟು ಹೊತ್ತಾ? ನಮ್ಮ ಸೀರೆ ಹಾಸಿನಾಗೆ ಎಳೆ ಸಾವಿರಗಟ್ಲೆ ಇರ್ತಾವೆ."

ಒಳಗೆ ಮುದ್ದೆ ತಿರುವುತ್ತಿದ್ದ ಅಕ್ಕನ ಕೋಲು ನಿಂತಿತು. ಆದರೆ ಭಾವ ಮತ್ತೆ ಮಂಡಿಯ ಮೇಲಿನ ಕೈಗಳನ್ನೇ ನೋಡುತ್ತ ಕೂತರು. ಅಕ್ಕನ ಕೋಲು ತಿರುಗತೊಡಗಿತು.

ಶ್ರುತಿ ಮುಗಿಯುವಷ್ಟರಲ್ಲಿ ಭಾವನ ಊಟ ಆಗಿತ್ತು. ನಾನು ಒಳಗೆ ಹೋಗಿ ಕೂತೆ. ಅಕ್ಕ ಎರಡನೇ ಮುದ್ದೆ ಇಟ್ಟು, ಮುಗಿಸುವ ತನಕ ಏಳಲು ಬಿಡಲಿಲ್ಲ. ಕೈ ತೊಳೆದು ಬಂದು ಕೋಲು ಹಿಡಿದೆ. ಅಕ್ಕ ಬಾಗಿಲಿಗೆ ಒರಗಿ ನಿಂತಳು.

ಮೇಲಿನ ಸ್ವರಗಳೆಲ್ಲ ನನ್ನ ಮಟ್ಟಕ್ಕೆ ಚೆನ್ನಾಗಿಯೇ ಬಂದವು. ಧೈರ್ಯ ಬಂದು ಮೆಲ್ಲಗೆ ಕೆಳಗಿಳಿದು ಮಂದ್ರ ಪಂಚಮಕ್ಕೆ ಕೋಲು ಬಿಟ್ಟೆ. ಅದು ಪಂಚಮವಾಗಿರಲಿಲ್ಲ. ಇನ್ನೊಮ್ಮೆ ಬಡಿದೆ. ಧೈವತವೂ ಅಲ್ಲ. ತಲೆಯೆತ್ತಿದರೆ ಭಾವ ನನ್ನನ್ನೇ ನೋಡುತ್ತಿದ್ದರು.

"ಅವಾ? ನಾಕೂ ಜೋಲು ಬಿದ್ದಿದ್ವು. ನೀನು ಉಣ್ಣಾಕೋದಾಗ ಬಿಗಿ ಮಾಡಿಟ್ಟೆ."

ಮಗ್ಗಕ್ಕೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿದ ಮೇಲೆ ನೇಕಾರರು ಅದರ ಮೇಲೆ ಅಂಗೈ ಆಡಿಸುತ್ತಾರೆ. ಎಲ್ಲ ಎಳೆಯೂ ಒಂದೇ ಬಿಗಿಯಲ್ಲಿರಬೇಕು. ಭಾವ ನನ್ನ ಪೆಟ್ಟಿಗೆಯ ಮೇಲೂ ಹಾಗೇ ಕೈಯಾಡಿಸಿದ್ದರು. ಕೆಳಗಿನ ದಪ್ಪ ತಂತಿಗಳು ಸಡಿಲವಾಗಿರಬೇಕಾದದ್ದೇ ಎಂದು ಅವರಿಗೆ ಯಾರು ಹೇಳಬೇಕಿತ್ತು?

"ಒಂದು ಜೋಲು ಬಿಟ್ರೆ ಸೀರೆ ಎಲ್ಲಾ ಸುಕ್ಕು," ಎಂದರು.

"ಕಣ್ಣು ಕಾಣಾಕಿಲ್ಲ ಅಂತೀರಿ?" ಎಂದಳು ಅಕ್ಕ ಬಾಗಿಲಿನಿಂದ.

"ಇದಕ್ಯಾಕೆ ಕಣ್ಣು? ಬೆರಳು ಐತಲ್ಲ."

ನಾನು ಆ ನಾಲ್ಕನ್ನು ಮತ್ತೆ ಮೆಲ್ಲಗೆ ಬಡಿದೆ. ನಾಲ್ಕೂ ಒಂದೇ ದನಿ, ಎಲ್ಲೂ ಒಡಕಿಲ್ಲ. ಕಲಿಯತೊಡಗಿದ ಈ ಒಂದೂವರೆ ವರ್ಷದಲ್ಲಿ ಆ್ಯಪ್ ಮುಂದಿಟ್ಟುಕೊಂಡೂ ನಾನು ಒಮ್ಮೆಯೂ ಹಾಗೆ ಕೂಡಿಸಿರಲಿಲ್ಲ. ಆದರೂ ಮೇಷ್ಟ್ರ ಬುದ್ಧಿ ಬಿಡಬೇಕಲ್ಲ, ಕೀಲಿಯನ್ನು ಅವರತ್ತ ಚಾಚಿದೆ.

"ಭಾವ, ಇವನ್ನ ಚೂರು ಸಡಿಲ ಮಾಡ್ಕೊಡ್ರಿ."

ಅವರು ಕೀಲಿ ತೆಗೆದುಕೊಂಡು, ತಂತಿಗಳ ಮೇಲೆ ಬೆರಳಾಡಿಸುತ್ತ ಪಕ್ಕದ ನಾಲ್ಕಕ್ಕೆ ಸರಿದರು.

"ಬಿಗಿ ಮಾಡಿದ್ದನ್ನ ಸಡಿಲ ಮಾಡಾಕೆ ಈ ಕೈಗೆ ಬರಾಕಿಲ್ಲ ಮೇಷ್ಟ್ರೇ. ಇಲ್ನೋಡು, ಇವೂ ಜೋಲೇ."

ಅವನ್ನೂ ತಿರುಗಿಸುವ ಮೊದಲೇ ಕಾಡಿ ಬೇಡಿ ಕೀಲಿ ವಾಪಸ್ ಪಡೆದು, ಅವರು ಬಿಗಿದ ನಾಲ್ಕನ್ನು ಹಾಗೇ ಬಿಟ್ಟು, ಸಂಜೆ ಬಸ್ಸಿನ ತನಕ ಬಾರಿಸಿದೆ. ಪ್ರತಿ ಸಲ ಕೈತಪ್ಪಿದಾಗಲೂ ಭಾವ ಬೈದರು. ಬಾರಿಸಿದ್ದಷ್ಟರಲ್ಲೂ ಶ್ರುತಿ ತಪ್ಪಿದ್ದು ಆ ಮಂದ್ರ ಪಂಚಮ ಒಂದೇ, ಅರ್ಧ ಸ್ವರದಷ್ಟು ಮೇಲೆ.