ಕಟ್ಟೆಯ ಕೆಳಗೆ ಕೆಂಪಾದ ಪಂಚೆ

ನಮ್ಮ ಚಿಕ್ಕಮ್ಮ ಒಂದು ಬಿಳಿ ಪಂಚೆಯ ಕಾರಣಕ್ಕೆ ಮೂರು ವಾರ ಅಂಗಡಿ ಮಾದಪ್ಪನ ಜೊತೆ ಮಾತು ಬಿಟ್ಟಿದ್ದರು.

ಮಾತು ಬಿಟ್ಟಿದ್ದರು ಅಂದರೆ ಸುಮ್ಮನಿದ್ದರು ಅಂತಲ್ಲ. ಮಾದಪ್ಪನೊಬ್ಬನನ್ನು ಬಿಟ್ಟು ಊರಿನ ಉಳಿದೆಲ್ಲರ ಬಳಿ ಮಾದಪ್ಪನ ಬಗ್ಗೆಯೇ ಮಾತಾಡುತ್ತಿದ್ದರು. ಅವನು ಸೋಪಿನ ಪುಡಿಗೆ ಇಟ್ಟಿಗೆ ಪುಡಿ ಬೆರೆಸಿ ಮಾರುತ್ತಾನೆ ಎಂಬುದು ಆರೋಪ. (ಪ್ಯಾಕೆಟ್ಟು ಕಂಪನಿಯಿಂದಲೇ ಸೀಲ್ ಆಗಿ ಬರುತ್ತದಲ್ಲ ಚಿಕ್ಕಮ್ಮ, ಎಂದು ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.) ಸಾಕ್ಷಿ, ಚಿಕ್ಕಪ್ಪ ಪ್ರತಿ ಸೋಮವಾರ ಮಠಕ್ಕೆ ಉಟ್ಟುಕೊಂಡು ಹೋಗುವ ಪಂಚೆ. ಅದು ಒಗೆದಷ್ಟೂ ಕೆಂಪಾಗುತ್ತಿತ್ತು. ಮಠದಲ್ಲಿ ಯಾರೋ ಚಿಕ್ಕಪ್ಪನನ್ನು, ಏನು ಸ್ವಾಮಿ, ಕಾವಿ ತೊಡುವ ಯೋಚನೆಯೋ ಎಂದು ಕೇಳಿಬಿಟ್ಟರಂತೆ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಚಿಕ್ಕಮ್ಮ ನನ್ನನ್ನು ಮನೆಗೆ ಸೇರಿಸುವುದಿಲ್ಲ. ನಂಜನಗೂಡಿನಿಂದ ಬಿಳಿಗೆರೆ ಕಡೆಯ ಬಸ್ಸು ಹತ್ತಿದರೆ ದಾರಿಯಲ್ಲಿ ಎಲ್ಲೋ ಸಿಗುತ್ತದೆ, ಅಷ್ಟು ಸಾಕು. ಊರಿನ ಮೇಲ್ಗಡೆ ಮಹಾರಾಜರ ಕಾಲದ ಒಂದು ಕಟ್ಟೆ ಇದೆ. ಮಣ್ಣಿನ ಏರಿ, ನೀರಿನ ಕಡೆಗೆ ಕಲ್ಲು ಹೊದಿಕೆ. ಸುತ್ತಲಿನ ನಾಲ್ಕಾರು ಊರುಗಳ ನಲ್ಲಿಗೆ ನೀರು ಹೋಗುವುದು ಅಲ್ಲಿಂದಲೇ.

ಆ ಏರಿಯ ಬುಡದಲ್ಲಿ ಒಂದು ಕಡೆ, ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ನೀರು ಜಿನುಗುತ್ತದೆ. ಬೇರೆ ಕಡೆಯವರಾಗಿದ್ದರೆ ಅದನ್ನು ಸೋರಿಕೆ ಎಂದು ಕರೆದು ತಲೆ ಕೆಡಿಸಿಕೊಳ್ಳುತ್ತಿದ್ದರು. ನಾವು ಬುದ್ಧಿವಂತರು. ಅದಕ್ಕೊಂದು ಪಿವಿಸಿ ಪೈಪು ಸಿಕ್ಕಿಸಿ, ಕೆಳಗೆ ನಾಲ್ಕು ಒಗೆಯುವ ಕಲ್ಲು ಹಾಕಿಕೊಂಡೆವು. ತಣ್ಣಗಿನ ತಿಳಿ ನೀರು. ಕರೆಂಟು ಬೇಡ, ಮೋಟಾರು ಬೇಡ. ಸರ್ಕಾರ ಕೊಟ್ಟ ನಲ್ಲಿಯಲ್ಲಿ ನೀರು ಬಾರದ ದಿನವೂ ಸರ್ಕಾರ ಕೊಡದ ಈ ಪೈಪಿನಲ್ಲಿ ಬರುತ್ತಿತ್ತು.

ಹಾಗಾದರೆ ಕಟ್ಟೆಯನ್ನು ಯಾರೂ ನೋಡುತ್ತಲೇ ಇರಲಿಲ್ಲವೇ? ಛೆ, ಹಾಗೆನ್ನಬಾರದು. ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ದೊಡ್ಡ ಸಾಹೇಬರೊಬ್ಬರು ಇನ್‌ಸ್ಪೆಕ್ಷನ್‌ಗೆ ಬರುತ್ತಾರೆ. ಅವರು ಬರುವ ಹಿಂದಿನ ದಿನ ಜೀಪು ತಿರುಗಿಸುವ ಜಾಗದವರೆಗೆ ಗಿಡಗಂಟಿ ಕಡಿದು, ಕಲ್ಲುಗಳಿಗೆ ಸುಣ್ಣ ಬಳಿಯುತ್ತಾರೆ. ಸಾಹೇಬರು ಏರಿಯ ಮೇಲೆ ನಿಂತು ನೀರು ನೋಡುತ್ತಾರೆ. ಜೊತೆಗಿದ್ದವರೂ ನೀರನ್ನೇ ನೋಡುತ್ತಾರೆ. ಅಷ್ಟೊಂದು ನೀರಿಗೆ ಬೆನ್ನು ತಿರುಗಿಸಿ ಏರಿಯ ಹಿಂದಕ್ಕೆ ಇಣುಕುವ ಮನಸ್ಸು ಯಾರಿಗೆ ತಾನೇ ಬರುತ್ತದೆ? ಆಮೇಲೆ ಫೋಟೋ, ಖಾರಾಬಾತ್, ಕೇಸರಿಬಾತ್. ರಿಜಿಸ್ಟರಿನಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದು ಒಂದು ಸಹಿ.

ಒಮ್ಮೆ ನಾನೂ ಹೋಗಿದ್ದೆ. ಕೇಸರಿಬಾತ್ ಎರಡು ಸಲ ಹಾಕಿಸಿಕೊಂಡು ಬಂದು, ನಮ್ಮ ಹಿರಿಯರು ಕಟ್ಟಿದ್ದು ಎಂದೂ ಅಲುಗುವುದಿಲ್ಲ ಎಂಬರ್ಥದಲ್ಲಿ ಇದೇ ಅಂಕಣದಲ್ಲಿ ಉದ್ದಕ್ಕೆ ಬರೆದೆ. ದಯವಿಟ್ಟು ಅದನ್ನು ಹುಡುಕಲು ಹೋಗಬೇಡಿ.

ಇರಲಿ, ಪಂಚೆಗೆ ಬರೋಣ. ಕಳೆದ ತಿಂಗಳು ಚಿಕ್ಕಮ್ಮನಿಗೂ ಮಾದಪ್ಪನಿಗೂ ರಾಜಿ ಮಾಡಿಸುವ ಉಮೇದಿನಲ್ಲಿ, ನಂಜನಗೂಡಿನಿಂದ ದುಬಾರಿ ಸೋಪಿನ ಪುಡಿಯೊಂದನ್ನು ಹಿಡಿದುಕೊಂಡು ಹೋದೆ. ಚಿಕ್ಕಮ್ಮ ಪ್ಯಾಕೆಟ್ಟಿನತ್ತ ನೋಡಲೂ ಇಲ್ಲ. ನೇರ ಹಿತ್ತಲಿಗೆ ಕರೆದೊಯ್ದರು. ತಂತಿಯ ಮೇಲೆ ಎರಡು ಪಂಚೆ. ಒಂದು ಬೆಳ್ಳಗೆ, ಇನ್ನೊಂದು ಕಾಫಿ ಸೋಸುವ ಬಟ್ಟೆಯ ಹಾಗೆ.

ನಡೆದದ್ದು ಇಷ್ಟು. ಮಾದಪ್ಪ ಮರ್ಯಾದೆ ಉಳಿಸಿಕೊಳ್ಳಲು ಚಿಕ್ಕಪ್ಪನ ಮೂಲಕ ಒಂದು ಸವಾಲು ಕಳಿಸಿದ್ದ. ಸೋಪು ತನ್ನ ಅಂಗಡಿಯದ್ದೇ ಇರಲಿ, ಒಂದು ಪಂಚೆಯನ್ನು ಬೋರ್‌ವೆಲ್ ನೀರಿನಲ್ಲಿ ಒಗೆಯಲಿ, ಇನ್ನೊಂದನ್ನು ಪೈಪಿನ ನೀರಿನಲ್ಲಿ. ಚಿಕ್ಕಮ್ಮ ಸವಾಲು ಒಪ್ಪಿಕೊಂಡದ್ದಲ್ಲದೆ, ಸೋಪೇ ಹಾಕದೆ ಒಂದು ಟವಲನ್ನೂ ಪೈಪಿನ ನೀರಿನಲ್ಲಿ ನೆನೆಸಿ ನೋಡಿದ್ದರು. ಅದೂ ಕೆಂಪು.

“ಸೋಪಿಂದೇನೂ ತಪ್ಪಿಲ್ಲ ಕಣಪ್ಪ. ನೀರೇ ಕೆಂಪಗ್ ಬತ್ತದೆ. ಬಕೀಟ್ಲಿ ಮಡಗುದ್ರೆ ತಳದಲ್ಲಿ ಮಣ್ಣು ಕೂತ್ಕತದೆ,” ಎಂದರು.

ಮಳೆ ಬಂದಿರಬೇಕು ಎಂದೆ. ಮಳೆ ಬಂದು ತಿಂಗಳಾಯಿತು ಎಂದರು. ಹಾಗಾದರೆ ಮಾದಪ್ಪನ ಹತ್ತಿರ ಒಂದು ಒಳ್ಳೆಯ ಮಾತಾಡಬಹುದಲ್ಲ ಎಂದೆ. ಅದು ಬೇರೆ ವಿಷಯವಂತೆ. ಹೋದ ವರ್ಷ ಅವನು ಕೊಟ್ಟ ತೊಗರಿಬೇಳೆಯಲ್ಲಿ ಕಲ್ಲಿತ್ತಂತೆ.

ನನಗೆ ನಗು ತಡೆಯಲಾಗಲಿಲ್ಲ. ಎರಡೂ ಪಂಚೆಗಳ ಫೋಟೋ ತೆಗೆದುಕೊಂಡು ಸಂಜೆ ಬಸ್ಸಿಗೆ ನಂಜನಗೂಡಿಗೆ ವಾಪಸಾದೆ.

ನಮ್ಮ ಪಕ್ಕದ ಮನೆಯಲ್ಲಿ ನೀರಾವರಿ ಇಲಾಖೆಯ ಎಂಜಿನಿಯರ್ ಮೇಡಂ ಒಬ್ಬರಿದ್ದಾರೆ. ನಿವೃತ್ತಿ ಹತ್ತಿರದವರು, ಮಿತಭಾಷಿ. ಮರುದಿನ ಬೆಳಿಗ್ಗೆ ಕಾಂಪೌಂಡಿನ ಬಳಿ ದಾಸವಾಳ ಕೀಳುತ್ತಿದ್ದರು. ನಗಿಸೋಣವೆಂದು ಫೋಟೋ ತೋರಿಸಿ ಇಡೀ ಪ್ರಸಂಗ ಹೇಳಿದೆ, ಇಟ್ಟಿಗೆ ಪುಡಿ ಸಮೇತ. ಅವರು ನಗಲಿಲ್ಲ. ನೀರು ಮೊದಲಿಗಿಂತ ಜೋರಾಗಿ ಬರುತ್ತಿದೆಯೇ ಎಂದು ಕೇಳಿದರು. ನನಗೇನು ಗೊತ್ತು? ನಾನು ಅಂಕಣಕಾರ. ಚಿಕ್ಕಮ್ಮನಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಮೇಡಂ ಅದನ್ನೇ ಅವರಲ್ಲಿ ಕೇಳಿದರು.

“ಮೊದ್ಲು ಒಂದ್ ಬಕೀಟು ತುಂಬೋ ಒತ್ಗೆ ಒಂದ್ ಸೀರೆ ಒಗ್ದಾಕ್ತಿದ್ದೆ ಕಣವ್ವ. ಈಗ ಸೆರಗು ಮುಗ್ಸೋ ಒತ್ಗೇ ತುಂಬಿ ಚೆಲ್ತದೆ,” ಎಂದರು ಚಿಕ್ಕಮ್ಮ.

ಮೇಡಂ ಹೂವಿನ ಬುಟ್ಟಿಯನ್ನು ಕಾಂಪೌಂಡಿನ ಮೇಲಿಟ್ಟರು.

“ತಿಳಿ ನೀರು ಜಿನುಗಿದ್ರೆ ಅಷ್ಟು ಭಯ ಇಲ್ಲ ಸರ್. ಮಣ್ಣು ಬರ್ತಿದೆ ಅಂದ್ರೆ ಏರಿ ಒಳಗಿಂದ ಕರಗ್ತಿದೆ ಅಂತ. ನಿಮ್ಮ ಚಿಕ್ಕಮ್ಮನ ಮನೆ ಎಲ್ಲಿದೆ?”

ಏರಿಯ ಕೆಳಗಿನ ಬೀದಿ, ಮೂರನೇ ಮನೆ ಎಂದೆ. ಹಿಂದಿನ ದಿನ ಅದೇ ಮನೆಯ ಹಿತ್ತಲಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಭಯವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನದೊಳಗೆ ಮೇಡಂ ಕಟ್ಟೆಯ ಮೇಲಿದ್ದರು. ಮೇಲೆ ಅಂದರೆ ತಪ್ಪಾಯಿತು, ಕೆಳಗಿದ್ದರು, ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ. ಕಟ್ಟೆಯ ನೀರು ಇಳಿಸಲು ತೂಬು ಎತ್ತಬೇಕಿತ್ತು. ಅದು ಎಷ್ಟೋ ವರ್ಷದಿಂದ ಅಲುಗಿರಲಿಲ್ಲ. ಪ್ರತಿ ವರ್ಷ ಸುಣ್ಣ ಮಾತ್ರ ಬಳಿಸಿಕೊಂಡಿತ್ತು. ಆರು ಜನ ಹಾರೆ ಹಾಕಿ ಮೀಟಿ ಮೀಟಿ ಕೊನೆಗೆ ಎತ್ತಿದರು. ಪಂಚಾಯಿತಿ ಮೆಂಬರೊಬ್ಬರು ಉತ್ಸಾಹದಿಂದ ಸಿಮೆಂಟು ಮೂಟೆ ತಂದು, ತೂತು ಮುಚ್ಚಿಬಿಟ್ಟರೆ ಆಯಿತಲ್ಲ ಎಂದರು. ಇಲ್ಲಿ ಮುಚ್ಚಿದರೆ ನೀರು ಇನ್ನೊಂದು ಕಡೆ ಒಡೆದುಕೊಂಡು ಬರುತ್ತದೆ, ನೀರು ಹೋಗಲಿ, ಮಣ್ಣು ನಿಲ್ಲಬೇಕು ಎಂದು ಮೇಡಂ ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಸುರಿಸಿದರು.

ಕೆಳಗಿನ ಬೀದಿಯವರನ್ನೆಲ್ಲ ಎತ್ತರದ ಶಾಲೆಗೆ ಕಳಿಸಿದ್ದರು. ಚಿಕ್ಕಪ್ಪ ತಿ. ನರಸೀಪುರದ ಮಗಳ ಮನೆಗೆ ಹೋದರು. ಚಿಕ್ಕಮ್ಮ ಕದಲಲಿಲ್ಲ. “ನಾನೂ ಒಂಟೋದ್ರೆ ನೀರ್ ನೋಡೋರ್ಯಾರು?” ಎಂದು ಬಕೆಟ್ಟು ಹಿಡಿದು ಅಲ್ಲೇ ನಿಂತರು. ಗಂಟೆಗೊಮ್ಮೆ ನೀರು ಹಿಡಿದು ತಳ ನೋಡುವುದು, ಮೇಡಂಗೆ ತೋರಿಸುವುದು. ನಾಲ್ಕನೆಯ ದಿನ ನೀರು ತಿಳಿಯಾಗಿ ಬಕೆಟ್ಟಿನ ತಳ ಕಂಡಿತು. ಚಿಕ್ಕಮ್ಮ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟರಂತೆ. ಮಾದಪ್ಪ ಅಂಗಡಿಯಿಂದ ಸೋಡಾ ತಂದುಕೊಟ್ಟನಂತೆ. ಕುಡಿದರಂತೆ, ಆದರೆ ಮಾತಾಡಲಿಲ್ಲವಂತೆ.

ಬೀದಿ ಉಳಿಯಿತು. ಏರಿಯ ಪೂರ್ತಿ ರಿಪೇರಿಗೆ ಫೈಲು ಹೊರಟಿದೆ. (ಫೈಲು ಹೇಗೆ ನಡೆಯುತ್ತದೆಂದು ನಿಮಗೆ ಹೇಳಬೇಕಿಲ್ಲ.) ಅಲ್ಲಿಯವರೆಗೆ ದಿನಾ ನೋಡಿಕೊಳ್ಳಲು ಒಬ್ಬ ಕಾವಲಿನವನು ಬೇಕೆಂದು ಮೇಡಂ ಬರೆದು ಕೇಳಿದರು. ಆ ಹುದ್ದೆ ಖಾಲಿ ಇದೆ, ತುಂಬಲು ಅನುಮತಿ ಇಲ್ಲ ಎಂದು ಉತ್ತರ ಬಂತು.

ಅದರ ಬದಲು ಮೊನ್ನೆ ಮೇಲಿನಿಂದ ಇನ್ನೊಂದು ಆದೇಶ ಬಂದಿದೆ. ಏರಿಯ ಬುಡಕ್ಕೆ ಮುಳ್ಳುತಂತಿ ಬೇಲಿ, ಒಂದು ತಗಡಿನ ಬೋರ್ಡು: ‘ಇಲ್ಲಿ ಬಟ್ಟೆ ಒಗೆಯುವುದನ್ನು ನಿಷೇಧಿಸಲಾಗಿದೆ.’ ನಿಯಮ ಸರಿಯೇ ಇರಬಹುದು. ಏರಿಯ ಬುಡ ಕೆದಕಿ ಪೈಪು ಸಿಕ್ಕಿಸಿದ ನಾವೇನು ಸಾಚಾಗಳಲ್ಲ.

ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ. “ಒಗೀಬ್ಯಾಡಿ ಅಂದವ್ರೆ, ಸರಿ ಬುಡು. ನಾಳಿಕ್ ನೀರು ತಿರ್ಗಾ ಕೆಂಪಾದ್ರೆ ಯಾರ್ಗ್ ಗೊತ್ತಾಯ್ತದೆ?”

ಅಂದ ಹಾಗೆ, ನಿಮ್ಮ ಮನೆಯ ನಲ್ಲಿಗೆ ನೀರು ಬರುವ ಕಟ್ಟೆಯ ಕೆಳಗೆ ಬಟ್ಟೆ ಒಗೆಯುವವರು ಯಾರಾದರೂ ಉಳಿದಿದ್ದಾರೆಯೇ?