ಒಂದು ಡಬ್ಬ ಅಕ್ಕಿ ಬೀಸುವಷ್ಟು ಹೊತ್ತು

ಬಾಡಿಗೆ ಮನೆ ತೋರಿಸುವವರು ಮೊದಲು ನಲ್ಲಿ ತೋರಿಸುತ್ತಾರೆ, ಇಲ್ಲವೇ ದೇವರ ಗೂಡು ತೋರಿಸುತ್ತಾರೆ. ಕಮ್ಮರಡಿಯಲ್ಲಿ ನನಗೆ ಮೊದಲು ತೋರಿಸಿದ್ದು ಪಂಜರ. ಸೊಂಟದೆತ್ತರದ್ದು. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಎರಡು ಬೆರಳು ತೂರುವಷ್ಟು ಸಂದು ಬಿಟ್ಟು ಹೊಡೆದು, ಮೇಲೆ ತಗಡು ಹಾಕಿ, ಬಾಗಿಲಿಗೆ ಕಬ್ಬಿಣದ ಚಿಲಕ ಇಟ್ಟಿದ್ದರು.

"ಇದು ಯಾರಿಗ್ರೀ?" ಎಂದೆ.

"ನಾಯಿಗೆ. ಈಗ ಖಾಲಿ ಇದೆ" ಎಂದರು ಮನೆಯ ಒಡತಿ ಗಿರಿಜಮ್ಮ, ಇನ್ನೊಂದು ಬಾಡಿಗೆ ಕೋಣೆಯ ವಿಷಯ ಹೇಳುವ ಧಾಟಿಯಲ್ಲಿ.

ನಾನು ರೋಣದ ಕಡೆಯವನು, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ವರ್ಗವಾಗಿ ಕೊಪ್ಪ ತಾಲ್ಲೂಕಿಗೆ ಬಂದಾಗ ಗಿರಿಜಮ್ಮನ ಹಿಟ್ಟಿನ ಗಿರಣಿಯ ಹಿಂದಿನ ಕೋಣೆ ಹಿಡಿದೆ. ಹೆಂಡತಿ ಊರಿನಲ್ಲಿ ಅಂಗನವಾಡಿ ಟೀಚರ್, ಬಿಟ್ಟು ಬರುವಂತಿಲ್ಲ. ಎರಡನೆಯ ಇಯತ್ತೆಯ ಮಗಳು ಸುಮಾ ಅವಳ ಜೊತೆಯಲ್ಲೇ ಉಳಿದಳು. ನಮ್ಮೂರ ನಾಯಿಗೆ ಮನೆ ಎಂಬುದಿಲ್ಲ, ಓಣಿ ಇದೆ. ಹತ್ತು ಮನೆಯ ರೊಟ್ಟಿ ತಿಂದು ಹನ್ನೊಂದನೆಯ ಮನೆಯ ಕಟ್ಟೆಯ ಮೇಲೆ ಮಲಗುತ್ತದೆ. ನಮ್ಮಲ್ಲಿ ಕೂಡಿಹಾಕುವುದು ಪರರ ಬೆಳೆ ಮೇಯ್ದ ದನವನ್ನು ಮಾತ್ರ, ಅದೂ ಕೊಂಡವಾಡದಲ್ಲಿ. ಏನೂ ತಪ್ಪು ಮಾಡದ ನಾಯಿಗೆ ಚಿಲಕ ಹಾಕುವ ಈ ಜನ ಎಂಥವರೋ ಎಂದು ಮನಸ್ಸಿನಲ್ಲೇ ಬೈದುಕೊಂಡು ಮುಂಗಡ ಕೊಟ್ಟೆ.

ಇಲ್ಲಿ ಗಿರಣಿಗೆ ಮಿಲ್ಲು ಎನ್ನುತ್ತಾರೆ, 'ಏನು' ಎನ್ನುವಲ್ಲಿ 'ಎಂತ' ಎನ್ನುತ್ತಾರೆ, ಕಾಂಪೌಂಡರನನ್ನೂ ಡಾಕ್ಟ್ರೇ ಎಂದು ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟೆ. ರೊಟ್ಟಿ ಎಂದರೆ ಅಕ್ಕಿಯದು, ಬೆಳ್ಳಗೆ, ಮೆತ್ತಗೆ; ಕಡಕ್ ರೊಟ್ಟಿ ಕಂಡ ಹಲ್ಲಿಗೆ ಅದು ಕೆಲಸವನ್ನೇ ಕೊಡುವುದಿಲ್ಲ. ಊರಿನಿಂದ ತಂದ ಜೋಳವನ್ನು ಬೀಸಲು ಕೊಟ್ಟ ದಿನ ಗಿರಿಜಮ್ಮ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು. "ಇದು ಹಕ್ಕಿಗೆ ಹಾಕೂದಲ್ವಾ ಮಾರಾಯ್ರೇ?"

"ನಮ್ಮ ಕಡೆ ಮನುಷ್ಯಾರೂ ತಿಂತಾರ್ರೀ" ಎಂದೆ. ಸಿಟ್ಟು ಬಂದಿತ್ತು. ಆದರೆ ಅವರು ಮಿಲ್ಲಿಗೆ ಅಂಟಿದ್ದ ಅಕ್ಕಿಹಿಟ್ಟನ್ನೆಲ್ಲ ಬಟ್ಟೆಯಿಂದ ಒರೆಸಿ, ನನ್ನ ಜೋಳವನ್ನು ಬೇರೆಯಾಗಿ ಬೀಸಿಕೊಟ್ಟರು. ಅಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು?

ಎರಡು ತಿಂಗಳಾಗಿರಬೇಕು. ಕಷ್ಟದ ಹೆರಿಗೆಯಲ್ಲಿ ಹಸುವೊಂದನ್ನು ಉಳಿಸಿಕೊಟ್ಟದ್ದಕ್ಕೆ ಪಕ್ಕದ ಹಳ್ಳಿಯ ರೈತರೊಬ್ಬರು ನನಗೆ ನಾಯಿಮರಿ ಕೊಟ್ಟರು. ನಾನು ಬೇಡ ಎನ್ನುವಷ್ಟರಲ್ಲಿ ಅದು ನನ್ನ ಚೀಲದೊಳಗಿತ್ತು. ಮೋತಿ ಎಂದು ಹೆಸರಿಟ್ಟೆ. ಗಿರಿಜಮ್ಮ ಹಾಕಿದ್ದು ಎರಡೇ ಷರತ್ತು: ನಾಯಿ ಕೋಣೆಯೊಳಗೆ ಬರಬಾರದು, ಕತ್ತಲಾಗುವ ಮೊದಲು ಗೂಡು ಸೇರಿರಬೇಕು.

"ಕುರ್ಕ ತಿರುಗ್ತದೆ ಡಾಕ್ಟ್ರೇ. ನಮ್ದು ಎರಡು ನಾಯಿ ಹೋಯ್ತು. ಎರಡನೇದನ್ನ ಸಂಜೆ ಏಳು ಗಂಟೆಗೆ ಜಗಲಿಯಿಂದ್ಲೇ ಎತ್ಕೊಂಡು ಹೋಯ್ತು. ನಾವೆಲ್ಲ ಒಳಗೆ ಧಾರಾವಾಹಿ ನೋಡ್ತಾ ಇದ್ವಿ. ಗೂಡಿಗೆ ಹಾಕೂದು ಒಂದರ್ಧ ಗಂಟೆ ತಡ ಮಾಡಿದ್ದೆ, ಅಷ್ಟೇ."

ಕುರ್ಕ ಎಂದರೆ ಚಿರತೆ. ಅದಕ್ಕೆ ನಾಯಿ ಎಂದರೆ ಪ್ರಾಣವಂತೆ. ನಾನು ಪಂಜರ ಎಂದುಕೊಂಡದ್ದು ಏನೆಂದು ಆಗ ತಿಳಿಯಿತು. ಮೋತಿ ಬದುಕಬೇಕಾದರೆ ಆ ದಬ್ಬೆಗಳ ಒಳಗೇ ಬದುಕಬೇಕಿತ್ತು.

ನನಗೆ ತಿಳಿದರೇನು, ಮೋತಿಗೆ ತಿಳಿಯಬೇಕಲ್ಲ. ಚಿಲಕ ಹಾಕಿದ ಕೂಡಲೇ ಕುಂಯ್ ಎಂದಿತು. ಹೋಗಿ ತೆಗೆದೆ. ಮತ್ತೆ ಹಾಕಿದೆ, ಮತ್ತೆ ಅತ್ತಿತು, ಮತ್ತೆ ತೆಗೆದೆ. ಮೂರನೆಯ ದಿನ ಕದ್ದು ಕೋಣೆಯೊಳಗೇ ಮಲಗಿಸಿಕೊಂಡೆ. ಬೆಳಿಗ್ಗೆ ಹೊಸ್ತಿಲಲ್ಲಿ ಅದರ ಉಚ್ಚೆ ಕಂಡ ಗಿರಿಜಮ್ಮ ಬೈಯಲಿಲ್ಲ.

"ನೀವು ಮರಿಗೆ ಕಲಿಸ್ತಾ ಇಲ್ಲ ಡಾಕ್ಟ್ರೇ, ಅದೇ ನಿಮಗೆ ಕಲಿಸ್ತಾ ಇದೆ. ಅತ್ರೆ ಬಾಗ್ಲು ತೆಗೀಬೇಕು ಅಂತ. ಸುಮ್ಮನಾದ್ಮೇಲೆ ತೆಗೀರಿ. ಅಳುವಾಗ ಮಾತ್ರ ಬೇಡ."

"ಅಳೂದು ಕೇಳಾಕ ಆಗೂದಿಲ್ರೀ ನನಗ" ಎಂದೆ.

ಕಾರಣವನ್ನು ಅವರಿಗೆ ಹೇಳಲಿಲ್ಲ. ನಿಮಗೆ ಹೇಳಬಹುದು. ರವಿವಾರ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿದರೆ ಸುಮಾ ಎರಡನೆಯ ಮಾತಿಗೇ ಅಳುತ್ತಿದ್ದಳು. "ಈಗ ಬಾ" ಎನ್ನುತ್ತಿದ್ದಳು. ಬರುವ ವಾರ ಬರುತ್ತೇನೆ ಎಂದು ಸುಳ್ಳು ಹೇಳಿ ಫೋನ್ ಇಡುತ್ತಿದ್ದೆ. ಅವಳು ಕರೆದಾಗ ಹೋಗಲಾಗದವನು, ಈ ಮರಿ ಕರೆದಾಗಲಾದರೂ ಹೋಗಬೇಡವೇ ಅನಿಸುತ್ತಿತ್ತು.

ಕೊನೆಗೆ ಗಿರಿಜಮ್ಮನೇ ಕಲಿಸಲು ನಿಂತರು, ಮೋತಿಗೂ ನನಗೂ. ಮೊದಲು, ಅದರ ತಾಯಿ ಮಲಗುತ್ತಿದ್ದ ಗೋಣಿಚೀಲವನ್ನು ಆ ರೈತರ ಮನೆಯಿಂದ ತರಿಸಿ ಗೂಡಿನಲ್ಲಿ ಹಾಸಿದರು. ಊಟ ಗೂಡಿನೊಳಗೆ ಮಾತ್ರ ಎಂದರು. ಹೊಸ್ತಿಲಲ್ಲಿ ನಿಂತು ನಾಯಿಗೆ ರೊಟ್ಟಿ ಎಸೆದು ರೂಢಿಯಾದ ನನ್ನ ಕೈಯನ್ನು ತಡೆಯುವುದೇ ಕಷ್ಟವಾಯಿತು. ಮೂರು ದಿನ ಬಾಗಿಲು ಹಾಕಲೇ ಇಲ್ಲ. ಆಮೇಲೆ ತಿನ್ನುವಷ್ಟು ಹೊತ್ತು ಹಾಕಿದೆವು. ನಂತರ ಆ ಹೊತ್ತನ್ನು ಬೆಳೆಸುವ ಕೆಲಸ. ಗೋಡೆಯಲ್ಲಿ ಗಡಿಯಾರವಿದ್ದರೂ ಗಿರಿಜಮ್ಮನ ಅಳತೆಯೇ ಬೇರೆ. "ಇವತ್ತು ಎರಡು ಸೇರು ಬೀಸುವಷ್ಟು" ಎನ್ನುವರು. ವಾರ ಕಳೆದ ಮೇಲೆ "ಇವತ್ತು ಒಂದು ಡಬ್ಬ ಅಕ್ಕಿ ಬೀಸುವಷ್ಟು" ಎಂದರು. ಅಷ್ಟು ಹೊತ್ತೂ ನಾನು ಮಿಲ್ಲಿನೊಳಗೇ ಕೂರಬೇಕು. ಆ ಸದ್ದಿನಲ್ಲಿ ಮರಿ ಅತ್ತರೂ ನನಗೆ ಕೇಳಬಾರದು, ಅದೇ ಅವರ ಉಪಾಯ.

ಆಸ್ಪತ್ರೆಯಿಂದ ಬಂದವನು ದಿನಾ ಸಂಜೆ ತಲೆಯ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು ಕುಳಿತಿರುತ್ತಿದ್ದೆ. ಅಕ್ಕಿ ತಂದವರು "ಎಂತ ಡಾಕ್ಟ್ರೇ, ಒಂದೇ ದಿನಕ್ಕೆ ಮುದುಕ ಆದ್ರಾ?" ಎಂದು ಕಿಚಾಯಿಸುವರು. ಯಾರ ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಯಾರ ಮಗಳಿಗೆ ಗಂಡು ಗೊತ್ತಾಯಿತು ಎಂಬುದೆಲ್ಲ ತಿಳಿದದ್ದು ಅಲ್ಲಿಯೇ. ನಾನೂ 'ಎಂತ' ಎನ್ನತೊಡಗಿದ್ದೆ.

ಒಂದು ಸಂಜೆ ಡಬ್ಬ ಅರ್ಧ ಮುಗಿಯುವಾಗ ಕರೆಂಟ್ ಹೋಯಿತು. ಬೆಲ್ಟು ನಿಧಾನವಾಗಿ ನಿಂತಿತು. ಎಲ್ಲರೂ ಮಾತು ನಿಲ್ಲಿಸಿ ಹಿತ್ತಿಲ ಕಡೆ ಕಿವಿ ಕೊಟ್ಟೆವು. ಸದ್ದಿಲ್ಲ. ನನಗೆ ಹೆದರಿಕೆಯಾಗಿ ಓಡಿದೆ. ಮೋತಿ ಗೋಣಿಯ ಮೇಲೆ ಮುದುಡಿ ನಿದ್ದೆ ಹೋಗಿತ್ತು. "ಈಗ ತೆಗೀರಿ" ಎಂದರು ಹಿಂದೆಯೇ ಬಂದ ಗಿರಿಜಮ್ಮ. ತೆಗೆದೆ. ಅದು ಒಂದು ಕಣ್ಣು ಬಿಟ್ಟು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು. ಈ ಊರಿನಲ್ಲಿ ನಾನು ಗೆದ್ದ ಮೊದಲ ಗೆಲುವು ಅದು.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಗಿರಿಜಮ್ಮ ನನ್ನನ್ನು ಕೂಗಿದರು. ಬಚ್ಚಲ ನೀರು ಹರಿದು ಹಸಿಯಾಗಿದ್ದ ನೆಲದಲ್ಲಿ, ಗೂಡಿನ ಸುತ್ತ, ಅಗಲವಾದ ಹೆಜ್ಜೆಗಳಿದ್ದವು. ಬಾಗಿಲ ಬಳಿಯ ದಬ್ಬೆಯ ಮೇಲೆ ಉಗುರಿನಿಂದ ಎಳೆದ ಗೀರುಗಳು. ಮೋತಿ ಮೂಲೆಗೆ ಅಂಟಿಕೊಂಡು ನಡುಗುತ್ತಿತ್ತು, ಗೋಣಿ ಒದ್ದೆಯಾಗಿತ್ತು. ಆದರೆ ಜೀವ ಇತ್ತು. ಅದನ್ನು ಎದೆಗವಚಿಕೊಂಡು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

"ಮನಸ್ಸು ಗಟ್ಟಿ ಮಾಡಿದ್ರಿ, ಉಳೀತು" ಎಂದು ಗಿರಿಜಮ್ಮ ಕಾಫಿ ತಂದುಕೊಟ್ಟರು.

ರವಿವಾರದವರೆಗೆ ಕಾಯಲಾಗಲಿಲ್ಲ. ಅಂದೇ ಸಂಜೆ ಬೂತಿಗೆ ಹೋಗಿ ಸುಮಾಗೆ ಎಲ್ಲವನ್ನೂ ಹೇಳಿದೆ.

"ಚಿರತಿ ಹೋತೇನಪ್ಪಾ?"

"ಹೋತವ್ವ. ಮೋತ್ಯಾ ಆರಾಮ ಅದಾನ."

"ಗೂಡಿನ್ಯಾಗ ಹಾಕಿದ್ರ ಈಗ ಅಳೂದಿಲ್ಲೇನು?"

"ಇಲ್ಲವ್ವ. ರೂಢಿ ಆಗೇತಿ."

"ನನಗೂ ಆಗೇತಿ" ಎಂದಳು. "ಅವ್ವಗ ಕೊಡ್ಲೇನು ಫೋನು?"

ಹೌದಲ್ಲ, ಅವಳು ಎಷ್ಟೋ ರವಿವಾರಗಳಿಂದ ಅತ್ತಿರಲಿಲ್ಲ. ನಾನು ಗಮನಿಸಿರಲೇ ಇಲ್ಲ. ನನಗೆ ಕೇಳದ ಕಡೆ ಎಷ್ಟು ದಿನ ಅತ್ತು ಸುಮ್ಮನಾದಳೋ, ಯಾರನ್ನು ಕೇಳಲಿ?

ಊರಿನ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದೇನೆ. ಹೇಳಿದಾಗ ಗಿರಿಜಮ್ಮ, "ಹೋಗ್ಬೇಕು ಡಾಕ್ಟ್ರೇ, ಹೆಣ್ಣುಮಗು ಇದೆಯಲ್ಲ" ಎಂದರು. ಆಮೇಲೆ, "ಮೋತಿ?" ಎಂದರು. ನಮ್ಮ ಓಣಿಯ ಬಯಲಿನಲ್ಲಿ ಅದಕ್ಕೆ ಇನ್ನು ನಿದ್ದೆ ಹತ್ತಲಾರದು. ಸೂರ್ಯ ಇಳಿದರೆ ಈಗ ಅದು ಕರೆಯದೆಯೂ ತಾನೇ ಗೂಡಿಗೆ ಹೋಗಿ, ನಾನು ಬರುವ ದಾರಿ ನೋಡುತ್ತ ಕೂರುತ್ತದೆ. ಚಿಲಕ ಹಾಕುವವರೆಗೆ ನಾನು ಇಲ್ಲಿಯವನು. ಹಾಕಿ ಬೆನ್ನು ತಿರುಗಿಸಿದರೆ, ಈ ಹೊತ್ತಿಗೆ ಸುಮಾ ಏನು ಮಾಡುತ್ತಿರಬಹುದು ಎಂಬ ಯೋಚನೆ ಶುರುವಾಗುತ್ತದೆ.